ನೋವು ಬರಿಸಿದ ಹೆರಿಗೆ: ಸಿಸೇರಿಯನ್‌ಗೆ ಮುಂಚಿನ ಲೆಕ್ಕ ಎಲ್ಲಿ?



ಸಿಸೇರಿಯನ್ ಹೆರಿಗೆಗಳ ಹೆಚ್ಚಳ ಕುರಿತು ರಾಜ್ಯದಲ್ಲಿ ನಡೆಯುತ್ತಿರುವ ಚರ್ಚೆಯು ಒಟ್ಟು ಶೇಕಡಾವಾರು ಪ್ರಮಾಣವನ್ನಷ್ಟೇ ಹಿಡಿದುಕೊಂಡಿದ್ದು, ಶಸ್ತ್ರಚಿಕಿತ್ಸೆಗೆ ಮುಂಚೆ ಹೆರಿಗೆ ಕೋಣೆಯಲ್ಲಿ ಏನು ನಡೆಯಿತೆಂಬ ಪ್ರಶ್ನೆಯನ್ನು ಬದಿಗೆ ಸರಿಸಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಸಿಸೇರಿಯನ್ ಪ್ರಮಾಣ ಶೇ 31.5, ಅದರ ಹಿಂದಿನ ಸಮೀಕ್ಷೆಯಲ್ಲಿ ಶೇ 23.6. ಈ ತಾಯಂದಿರಲ್ಲಿ ಎಷ್ಟು ಮಂದಿಗೆ ಔಷಧಿ ಕೊಟ್ಟು ನೋವು ಬರಿಸಲಾಗಿತ್ತು, ಬರಿಸಿದಾಗ ಅವರ ದೇಹ ಅದಕ್ಕೆ ಸಿದ್ಧವಾಗಿತ್ತೇ ಎಂಬುದನ್ನು ಈ ಅಂಕಿಗಳು ಹೇಳುವುದಿಲ್ಲ.

ನೋವು ಬರಿಸುವುದೇ ಸಿಸೇರಿಯನ್‌ಗೆ ಕಾರಣವೆಂಬ ಜನಜನಿತ ನಂಬಿಕೆಯೂ ಸರಿಯಲ್ಲ. ಅಮೆರಿಕದಲ್ಲಿ ಆರು ಸಾವಿರಕ್ಕೂ ಹೆಚ್ಚು ಚೊಚ್ಚಲ ಗರ್ಭಿಣಿಯರನ್ನು ಒಳಗೊಂಡು ನಡೆದ, 2018ರಲ್ಲಿ ಪ್ರಕಟವಾದ ಅರೈವ್ ಅಧ್ಯಯನದಲ್ಲಿ, 39ನೇ ವಾರದಲ್ಲಿ ನೋವು ಬರಿಸಿದ ಗುಂಪಿನಲ್ಲಿ ಶೇ 18.6, ಕಾದು ನೋಡಿದ ಗುಂಪಿನಲ್ಲಿ ಶೇ 22.2 ಮಂದಿಗೆ ಸಿಸೇರಿಯನ್ ಆಯಿತು. ಆದರೆ ಅವರೆಲ್ಲರೂ ಬೇರೆ ತೊಡಕುಗಳಿಲ್ಲದ ಗರ್ಭಿಣಿಯರಾಗಿದ್ದರು ಎಂಬುದನ್ನು ಮರೆತು ಆ ಫಲಿತಾಂಶವನ್ನು ಎಲ್ಲರಿಗೂ ಅನ್ವಯಿಸಲಾಗದು.

ನೋವು ಬರಿಸಿದ ಮೇಲೆ ಸಿಸೇರಿಯನ್‌ಗೆ ಎಡೆಮಾಡುವ ಅಪಾಯದ ಅಂಶಗಳು ವೈದ್ಯಶಾಸ್ತ್ರಕ್ಕೆ ಅಪರಿಚಿತವಲ್ಲ. ಚೊಚ್ಚಲ ಹೆರಿಗೆ, ತಾಯಿಯ ಹೆಚ್ಚಿದ ವಯಸ್ಸು, ಬೊಜ್ಜು, ಕುಳ್ಳ ಮೈಕಟ್ಟು, ಮಧುಮೇಹ, ಏರಿದ ರಕ್ತದೊತ್ತಡ, ಮಗುವಿನ ಹೆಚ್ಚು ತೂಕ ಇವುಗಳಲ್ಲಿ ಮುಖ್ಯವಾದವು. ಹಿಂದೆ ಸಹಜ ಹೆರಿಗೆಯಾದವರಲ್ಲಿ ಅಪಾಯ ಬಹಳ ಕಡಿಮೆ. ಇವುಗಳ ಜೊತೆಗೆ ಎಣಿಸಲೇಬೇಕಾದದ್ದು ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ, ಸಿದ್ಧತೆ. ಅದು ಎಷ್ಟು ತೆರೆದಿದೆ, ಎಷ್ಟು ತೆಳುವಾಗಿದೆ, ಎಷ್ಟು ಮೆತ್ತಗಾಗಿದೆ, ಯಾವ ದಿಕ್ಕಿಗಿದೆ, ಮಗುವಿನ ತಲೆ ಎಷ್ಟು ಕೆಳಗಿಳಿದಿದೆ ಎಂಬ ಐದು ಅಂಶಗಳನ್ನು ಕೈಯಿಂದ ಪರೀಕ್ಷಿಸಿ 13ಕ್ಕೆ ಅಂಕ ನೀಡುವ ಕ್ರಮವನ್ನು ಎಡ್ವರ್ಡ್ ಬಿಷಪ್ 1964ರಲ್ಲಿ ಪ್ರಕಟಿಸಿದರು. ಅಂಕ ಎಂಟನ್ನು ಮೀರಿದ್ದರೆ ತಾನಾಗಿ ನೋವು ಬಂದವರಷ್ಟೇ ಸಹಜ ಹೆರಿಗೆಯ ಸಾಧ್ಯತೆ ಇರುತ್ತದೆ. ಆರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಮೊದಲು ಜೆಲ್, ಮಾತ್ರೆ ಅಥವಾ ಬಲೂನ್ ಬಳಸಿ ಗರ್ಭಕಂಠವನ್ನು ಹದಗೊಳಿಸಬೇಕಾಗುತ್ತದೆ. ಯಂತ್ರವಾಗಲಿ, ಖರ್ಚಾಗಲಿ ಬೇಡದ ಈ ಪರೀಕ್ಷೆಯ ಅಂಕವನ್ನು ಕೇಸ್ ಶೀಟಿನಲ್ಲಿ ಬರೆಯದೆ ಬಿಡುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಎರಡನೆಯ ಲೋಪ ಅವಸರದ್ದು. ತಾಯಿ ಮತ್ತು ಮಗು ಕ್ಷೇಮವಾಗಿದ್ದರೆ ಹೆರಿಗೆಯ ಆರಂಭಿಕ ಹಂತಕ್ಕೆ 24 ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಕೊಡಬಹುದು, ನೀರಿನ ಚೀಲ ಒಡೆದ ಮೇಲೆ ನೋವು ಬರಿಸುವ ಆಕ್ಸಿಟೋಸಿನ್ ಡ್ರಿಪ್ಪನ್ನು ಕನಿಷ್ಠ 12ರಿಂದ 18 ಗಂಟೆ ನಡೆಸಿ ನೋಡದೆ ಪ್ರಯತ್ನ ವಿಫಲವೆಂದು ತೀರ್ಮಾನಿಸಬಾರದು ಎಂದು ಅಮೆರಿಕದ ಪ್ರಸೂತಿತಜ್ಞರ ಸಂಘಗಳು 2014ರಲ್ಲೇ ಸೂಚಿಸಿವೆ. ಬೆಳಿಗ್ಗೆ ಡ್ರಿಪ್ ಹಾಕಿ ಸಂಜೆಗೆ ‘ನೋವು ಬರಲಿಲ್ಲ’ ಎಂದು ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದರೆ ಅಲ್ಲಿ ಸೋತದ್ದು ತಾಯಿಯ ದೇಹವಲ್ಲ, ಕಾಯುವ ವ್ಯವಸ್ಥೆ. ರಾತ್ರಿ ಪಾಳಿಗೆ ಸಾಕಷ್ಟು ಶುಶ್ರೂಷಕಿಯರೂ ಅರಿವಳಿಕೆ ತಜ್ಞರೂ ಇಲ್ಲದ ಕಡೆ ವೈದ್ಯರೊಬ್ಬರನ್ನೇ ದೂರುವುದು ಮಾತ್ರ ಅನ್ಯಾಯ.

ಹೆರಿಗೆಗಳನ್ನು ಹತ್ತು ಗುಂಪುಗಳಾಗಿ ವಿಂಗಡಿಸಿ ಸಿಸೇರಿಯನ್ ಪ್ರಮಾಣವನ್ನು ಅಳೆಯುವ ರಾಬ್ಸನ್ ವರ್ಗೀಕರಣವನ್ನು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಶಿಫಾರಸು ಮಾಡಿದ್ದು, ನೋವು ಬರಿಸಿದ ಚೊಚ್ಚಲ ಹೆರಿಗೆಗಳನ್ನು ಅದರಲ್ಲಿ ಪ್ರತ್ಯೇಕವಾಗಿ ಎಣಿಸಬಹುದು. ಸರ್ಕಾರಿ ಮತ್ತು ಖಾಸಗಿ ಆಸ್ಪತ್ರೆಗಳೆರಡೂ ಈ ವಿಂಗಡಣೆಯಂತೆ ವರ್ಷಕ್ಕೊಮ್ಮೆ ಅಂಕಿಅಂಶ ಪ್ರಕಟಿಸುವುದನ್ನು ಆರೋಗ್ಯ ಇಲಾಖೆ ಕಡ್ಡಾಯ ಮಾಡಬೇಕು. ನೋವು ಬರಿಸಿದ ಕಾರಣ, ಆಗಿನ ಬಿಷಪ್ ಅಂಕ ಮತ್ತು ಕಾದ ಗಂಟೆಗಳು ತಾಯಿ ಕಾರ್ಡಿನಲ್ಲೇ ದಾಖಲಾಗಬೇಕು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ಈ ಮೂರನ್ನೂ ಕೇಳಿ ತಿಳಿದುಕೊಳ್ಳುವಂತೆ ಗರ್ಭಿಣಿಯರಲ್ಲೂ ಅವರ ಮನೆಯವರಲ್ಲೂ ವಿನಂತಿ.