ಕಟ್ಟಲಾಗದ ರಸ್ತೆಯನ್ನು ಕಟ್ಟಿದ ಊರು

ಪುಟಾಣಿಗಳೇ, ಈ ವಾರ ಅಟ್ಲಾಸ್ ಜೊತೆಗೆ ಅಜ್ಜನ ಭೂತಗನ್ನಡಿಯನ್ನೂ ಕೇಳಿ ತೆಗೆದುಕೊಳ್ಳಿ. ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕದ ನಡುವೆ ಕೆರಿಬಿಯನ್ ಸಮುದ್ರವಿದೆಯಲ್ಲ, ಅದರ ಪೂರ್ವದ ಅಂಚಿನಲ್ಲಿ ಪುಟ್ಟ ಪುಟ್ಟ ದ್ವೀಪಗಳು ಮುತ್ತಿನ ಸರದಂತೆ ಬಾಗಿ ನಿಂತಿವೆ. ಆ ಸರದ ಮೇಲ್ತುದಿಯ ಹತ್ತಿರ ಸಾಸಿವೆ ಕಾಳಿಗಿಂತಲೂ ಚಿಕ್ಕ ಚುಕ್ಕೆಯೊಂದಿದೆ. ಹೆಸರು ಸೇಬಾ. ತಿನ್ನುವ ಸೇಬಿಗೂ ಇದಕ್ಕೂ ಏನೇನೂ ಸಂಬಂಧವಿಲ್ಲ! ನನ್ನ ಅಟ್ಲಾಸಿನಲ್ಲಿ ಚುಕ್ಕೆಗಿಂತ ಅದರ ಹೆಸರೇ ದೊಡ್ಡದಾಗಿದೆ.

ಸೇಬಾದ ವಿಸ್ತೀರ್ಣ ಬರೀ 13 ಚದರ ಕಿಲೋಮೀಟರ್. ಜನಸಂಖ್ಯೆ ಸುಮಾರು 2000. ಒಂದು ದೊಡ್ಡ ಶಾಲೆಯ ಮಕ್ಕಳಷ್ಟೇ ಜನ ಎನ್ನಿ. ಇಷ್ಟು ಚಿಕ್ಕ ಊರಿನ ಬಗ್ಗೆ ಬರೆಯಲು ಏನಿದೆ ಎಂದು ಕೇಳುತ್ತೀರಾ? ಇದೆ. ಆಗದು ಎಂದು ತಿಳಿದವರೇ ಹೇಳಿದ ಕೆಲಸವನ್ನು ಮಾಡಿ ಮುಗಿಸಿದ ಜನ ಅವರು.

ಮೊದಲು ಊರನ್ನು ನೋಡೋಣ. ಸೇಬಾ ಅಂದರೆ ಸಮುದ್ರದ ನಡುವೆ ಎದ್ದು ನಿಂತ ಒಂದು ಜ್ವಾಲಾಮುಖಿ ಬೆಟ್ಟ. ಈಗ ಅದು ನಿದ್ರೆಯಲ್ಲಿದೆ. ಸುತ್ತಲೂ ಗೋಡೆಯಂತೆ ಕಡಿದಾದ ಬಂಡೆ. ಬೇರೆ ದ್ವೀಪಗಳಂತೆ ಮರಳಿನ ದಂಡೆಯಲ್ಲಿ ಆರಾಮವಾಗಿ ದೋಣಿ ಎಳೆದು ನಿಲ್ಲಿಸುವ ಜಾಗ ಇಲ್ಲಿಲ್ಲ. ಬೆಟ್ಟದ ತುದಿಗೆ ಮೌಂಟ್ ಸೀನರಿ ಎಂದು ಹೆಸರು. ಎತ್ತರ 850 ಮೀಟರಿಗೂ ಹೆಚ್ಚು. ಅಲ್ಲಿಗೆ ಹತ್ತಲು 1064 ಮೆಟ್ಟಿಲುಗಳಿವೆ. ಮೇಲೆ ಹೋದಂತೆ ಮೋಡ ಮೈಗೆ ತಾಗುತ್ತದೆ. ಮರದಷ್ಟು ಎತ್ತರದ ಜರೀಗಿಡಗಳು, ಪಾಚಿ ಹೊದ್ದ ಕಾಂಡಗಳು, ತೊಟ್ಟಿಕ್ಕುವ ಎಲೆಗಳು.

ಇಲ್ಲೊಂದು ತಮಾಷೆ ಇದೆ. ಸೇಬಾ ಸೇರಿರುವುದು ಯುರೋಪಿನ ನೆದರ್‌ಲ್ಯಾಂಡ್ಸ್ ದೇಶಕ್ಕೆ. ಆ ದೇಶವೋ ಚಪಾತಿಯಂತೆ ಚಪ್ಪಟೆ. ಅದರ ಎಷ್ಟೋ ಭಾಗ ಸಮುದ್ರಮಟ್ಟಕ್ಕಿಂತ ಕೆಳಗೇ ಇದೆ. ಯುರೋಪಿನಲ್ಲಿರುವ ಅದರ ಅತಿ ಎತ್ತರದ ಗುಡ್ಡ ಸುಮಾರು 322 ಮೀಟರ್, ಅಷ್ಟೇ. ಹಾಗಾಗಿ ಇಡೀ ನೆದರ್‌ಲ್ಯಾಂಡ್ಸ್‌ನ ಅತಿ ಎತ್ತರದ ಜಾಗ ಇರುವುದು ಸಾವಿರಾರು ಕಿಲೋಮೀಟರ್ ದೂರದ ಈ ಸಾಸಿವೆ ಕಾಳಿನಲ್ಲಿ! 2010ರ ಅಕ್ಟೋಬರ್ 10ರಿಂದ ಸೇಬಾ ನೆದರ್‌ಲ್ಯಾಂಡ್ಸ್‌ನ ಒಂದು ವಿಶೇಷ ಪುರಸಭೆ. ಬೊನೇರ್ ಮತ್ತು ಸಿಂಟ್ ಯುಸ್ಟೇಷಿಯಸ್ ಎಂಬ ಇನ್ನೆರಡು ದ್ವೀಪಗಳಿಗೂ ಅದೇ ಸ್ಥಾನ. ಆಡಳಿತ ಭಾಷೆ ಡಚ್, ಮನೆಮಾತು ಇಂಗ್ಲಿಷ್, ಅಂಗಡಿಯಲ್ಲಿ ಕೊಡುವುದು ಅಮೆರಿಕದ ಡಾಲರ್. ಒಂದೇ ಊರು, ಮೂರು ದೇಶದ ನಂಟು.

ಹದಿನೇಳನೆಯ ಶತಮಾನದ ನಡುವಿನಲ್ಲಿ ಡಚ್ಚರು ಇಲ್ಲಿಗೆ ಬಂದು ನೆಲೆಸಿದರು. ಅವರಿಗಿಂತ ಬಹಳ ಹಿಂದೆಯೇ ಕೆರಿಬಿಯನ್ನಿನ ಮೂಲನಿವಾಸಿಗಳು ಇಲ್ಲಿ ಬಾಳಿದ್ದರು. ಯುರೋಪಿನವರ ಜೊತೆಗೆ ಆಫ್ರಿಕಾದ ಜನರೂ ಬಂದರು. ಆದರೆ ತಾವಾಗಿ ಬಂದದ್ದಲ್ಲ, ಗುಲಾಮರಾಗಿ ತಂದದ್ದು. 1863ರ ಜುಲೈ 1ರಂದು ಅವರಿಗೆ ಬಿಡುಗಡೆಯಾಯಿತು. ಇಂದಿನ ಸೇಬಾದವರು ಈ ಎಲ್ಲರ ಮೊಮ್ಮಕ್ಕಳು, ಮರಿಮಕ್ಕಳು.

ರಾಜಧಾನಿಯ ಹೆಸರು ‘ದಿ ಬಾಟಮ್’, ಅಂದರೆ ತಳ. ಆದರೆ ಆ ‘ತಳ’ ಇರುವುದು ಸಮುದ್ರದಿಂದ 200 ಮೀಟರಿಗೂ ಮೇಲೆ! ಅಲ್ಲಿಗೆ ಹೋಗುವುದು ಹೇಗೆ? ಹಿಂದೆ ದೋಣಿಯಲ್ಲಿ ಬಂದವರು ಬಂಡೆಗೆ ನೆಗೆದು, ಬಂಡೆಯಲ್ಲೇ ಕಡಿದ ಸುಮಾರು 800 ಮೆಟ್ಟಿಲು ಹತ್ತಬೇಕಿತ್ತು. ಆ ಜಾಗಕ್ಕೆ ‘ಏಣಿ’ ಎಂದೇ ಹೆಸರು. ಅಕ್ಕಿ, ಹಿಟ್ಟು, ಮರದ ಹಲಗೆ, ಕುರ್ಚಿ, ಮಂಚ, ಕೊನೆಗೆ ಪಿಯಾನೋ ಕೂಡ ಮನುಷ್ಯರ ತಲೆ ಮತ್ತು ಹೆಗಲ ಮೇಲೇ ಬೆಟ್ಟ ಹತ್ತಿತು. ಒಂದು ಹಳ್ಳಿಯಿಂದ ಇನ್ನೊಂದಕ್ಕೆ ಕಾಲುದಾರಿ ಮಾತ್ರ. ಕಾಯಿಲೆಯವರನ್ನೂ ಹೊತ್ತೇ ಸಾಗಿಸಬೇಕು.

ಹೊಲ ಮಾಡಲು ಸಮತಟ್ಟಾದ ನೆಲ ಕಡಿಮೆ. ಗಂಡಸರು ನಾವಿಕರಾದರು. 1909ರಲ್ಲಿ ಇಲ್ಲಿ ಹಡಗು ನಡೆಸುವುದನ್ನು ಕಲಿಸುವ ಶಾಲೆಯೇ ಶುರುವಾಯಿತು. ಅಲ್ಲಿ ಕಲಿತ ಹುಡುಗರು ದೂರದ ಸಮುದ್ರಗಳಲ್ಲಿ ಕಪ್ತಾನರಾದರು. ಊರಿನಲ್ಲಿ ಉಳಿದವರು ಹೆಂಗಸರು, ಮಕ್ಕಳು, ಮುದುಕರು. ಸೇಬಾಕ್ಕೆ ‘ಹೆಂಗಸರ ದ್ವೀಪ’ ಎಂಬ ಅಡ್ಡಹೆಸರೂ ಬಂತು.

ಆ ಹೆಂಗಸರು ಸುಮ್ಮನೆ ಕೂರಲಿಲ್ಲ. ಮೇರಿ ಗರ್ಟ್ರೂಡ್ ಹ್ಯಾಸೆಲ್ ಎಂಬಾಕೆ ಚಿಕ್ಕಂದಿನಲ್ಲಿ ವೆನೆಜುವೆಲಾದ ಕಾನ್ವೆಂಟಿನಲ್ಲಿ ಓದುವಾಗ ಒಂದು ಕಸೂತಿ ಕಲಿತಿದ್ದಳು. ಬಟ್ಟೆಯ ಎಳೆಗಳನ್ನು ಮೆಲ್ಲಗೆ ಎಳೆದು ತೆಗೆದು, ಉಳಿದ ಎಳೆಗಳನ್ನು ಸೂಜಿಯಿಂದ ಬಿಗಿದು ಚಿತ್ತಾರ ಮೂಡಿಸುವ ಕಲೆ ಅದು. 1870ರ ದಶಕದಲ್ಲಿ ಆಕೆ ಅದನ್ನು ಊರಿಗೆ ತಂದಳು. ಒಬ್ಬರಿಂದ ಒಬ್ಬರಿಗೆ ಹರಡಿ ಮನೆಮನೆಯ ಕೆಲಸವಾಯಿತು. 1884ರಲ್ಲಿ ಅಂಚೆ ವ್ಯವಸ್ಥೆ ಬಂದದ್ದೇ ತಡ, ಹೆಂಗಸರು ಅಮೆರಿಕದ ವಿಳಾಸಗಳನ್ನು ಹುಡುಕಿ ಪತ್ರ ಬರೆದು ತಮ್ಮ ಕಸೂತಿಯನ್ನು ಮಾರತೊಡಗಿದರು. ಇಂದು ಅಮ್ಮ ಮೊಬೈಲ್ ಒತ್ತಿ ಸಾಮಾನು ತರಿಸುತ್ತಾರಲ್ಲ, ಅಂಥದೇ ವ್ಯಾಪಾರ, ಅಂಚೆಚೀಟಿಯ ಮೇಲೆ! ಅದನ್ನು ಈಗಲೂ ‘ಸೇಬಾ ಲೇಸ್’ ಎನ್ನುತ್ತಾರೆ. ಲೇಸು ಅಂದರೆ ನಮ್ಮಲ್ಲಿ ಒಳ್ಳೆಯದು. ಇದು ಎರಡು ಅರ್ಥದಲ್ಲೂ ಲೇಸೇ.

ಆದರೂ ಬದುಕು ಕಷ್ಟವೇ ಆಗಿತ್ತು. ಕುರಸಾವ್ ಮತ್ತು ಅರೂಬಾ ದ್ವೀಪಗಳಲ್ಲಿ ತೈಲ ಶುದ್ಧೀಕರಣ ಕಾರ್ಖಾನೆಗಳು ಬಂದಾಗ ಜನ ಗುಂಪು ಗುಂಪಾಗಿ ಕೆಲಸ ಹುಡುಕಿ ಹೊರಟರು. 1960ರ ಹೊತ್ತಿಗೆ ಸೇಬಾದಲ್ಲಿ ಉಳಿದವರು ಸುಮಾರು 1000 ಮಂದಿ. ಊರು ಖಾಲಿಯಾಗುವುದು ಎಂದರೇನು ಎಂದು ಅಜ್ಜ-ಅಜ್ಜಿಯರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಬೀಗ ಹಾಕಿದ ಬಾಗಿಲುಗಳ ಬೀದಿ ಹೇಗಿರುತ್ತದೆ ಎಂದು ಅವರು ಬಲ್ಲರು.

ಊರು ಉಳಿಯಬೇಕಾದರೆ ಒಂದು ರಸ್ತೆ ಬೇಕಿತ್ತು. ಡಚ್ ಎಂಜಿನಿಯರುಗಳು ಬೆಟ್ಟದ ಕಡಿದನ್ನು ನೋಡಿ, ಇಲ್ಲಿ ರಸ್ತೆ ಕಟ್ಟಲು ಸಾಧ್ಯವಿಲ್ಲ ಎಂದರು. ಆಗ ಎದ್ದು ನಿಂತವನು ಊರಿನವನೇ ಆದ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್. (ಹ್ಯಾಸೆಲ್ ಎನ್ನುವುದು ಅಲ್ಲಿ ಬೀದಿಗೆ ಹತ್ತು ಮನೆಯವರ ಹೆಸರು.) ಅವನು ಎಂಜಿನಿಯರ್ ಆಗಿರಲಿಲ್ಲ. ಕಾಲೇಜಿಗೆ ಹೋಗುವ ಅನುಕೂಲವೂ ಇರಲಿಲ್ಲ. ಅಂಚೆಯ ಮೂಲಕ ಪಾಠ ತರಿಸಿಕೊಂಡು ರಸ್ತೆ ಕಟ್ಟುವ ವಿದ್ಯೆ ಕಲಿತ. 1938ರಲ್ಲಿ ಊರವರನ್ನು ಕೂಡಿಸಿ ಕೆಲಸ ಶುರುಮಾಡಿದ. ದೊಡ್ಡ ಯಂತ್ರಗಳಿಲ್ಲ. ಕಲ್ಲು ಒಡೆಯುವುದು ಕೈಯಲ್ಲಿ, ಹೊರುವುದು ಕೈಯಲ್ಲಿ, ಬೆಟ್ಟದ ಅಂಚಿಗೆ ತಡೆಗೋಡೆ ಕಟ್ಟುವುದೂ ಕೈಯಲ್ಲಿ.

ಸಮುದ್ರದ ಬಳಿಯ ಫೋರ್ಟ್ ಬೇಯಿಂದ ದಿ ಬಾಟಮ್‌ವರೆಗಿನ ಮೊದಲ ತುಂಡು 1943ರಲ್ಲಿ ಮುಗಿಯಿತು. ಊರಿನ ಮೊದಲ ಗಾಡಿ, ಒಂದು ಜೀಪು, ಬಂದದ್ದು 1947ರಲ್ಲಿ.

ಇದನ್ನು ಹೇಳುವಾಗ ನನ್ನ ಮೊಮ್ಮಗ ನಡುವೆ ಬಾಯಿ ಹಾಕಿದ: “ತಾತ, ನಾಲ್ಕು ವರ್ಷ ಗಾಡಿಯೇ ಇಲ್ಲದ ರಸ್ತೆ ಯಾಕೆ?” ಒಳ್ಳೆಯ ಪ್ರಶ್ನೆ. ತಲೆಯ ಮೇಲೆ ಮೂಟೆ ಹೊತ್ತವರಿಗೂ ಒಳ್ಳೆಯ ದಾರಿ ಬೇಕಲ್ಲವೇ ಮಗು? ಅಲ್ಲದೆ ಗಾಡಿ ಬಂದಮೇಲೆ ರಸ್ತೆ ಮಾಡೋಣ ಎಂದು ಕೂತಿದ್ದರೆ ಗಾಡಿ ಬರುತ್ತಲೇ ಇರಲಿಲ್ಲ.

1951ರಲ್ಲಿ ರಸ್ತೆ ವಿಂಡ್‌ವರ್ಡ್‌ಸೈಡ್ ಎಂಬ ಹಳ್ಳಿಯನ್ನು ಮುಟ್ಟಿತು. 1958ಕ್ಕೆ ಪೂರ್ತಿಯಾಯಿತು. ಇಪ್ಪತ್ತು ವರ್ಷದ ದುಡಿಮೆ! ‘ಮನಸ್ಸಿದ್ದರೆ ಮಾರ್ಗ’ ಎಂದು ನಾವು ಗಾದೆ ಹೇಳುತ್ತೇವೆ. ಸೇಬಾದಲ್ಲಿ ಆ ಮಾರ್ಗದ ಮೇಲೆ ನಡೆದೇ ಹೋಗಬಹುದು.

ರಸ್ತೆ ಆಯಿತು, ಇನ್ನು ವಿಮಾನ. ಇಡೀ ದ್ವೀಪದಲ್ಲಿ ಚಪ್ಪಟೆಯಾದ ಜಾಗ ಎಂದರೆ ಲಾವಾರಸ ಹರಿದು ಗಟ್ಟಿಯಾದ ಫ್ಲಾಟ್ ಪಾಯಿಂಟ್ ಒಂದೇ. ಊರವರು ಅಲ್ಲಿನ ಕಲ್ಲುಗಳನ್ನು ಆರಿಸಿ ನೆಲ ಸಮ ಮಾಡಿದರು. 1959ರ ಫೆಬ್ರವರಿ 9ರಂದು ಪಕ್ಕದ ಸೇಂಟ್ ಬಾರ್ತ್ ದ್ವೀಪದ ಪೈಲಟ್ ರೆಮಿ ದ ಹೇನೆನ್ ಅಲ್ಲಿ ವಿಮಾನ ಇಳಿಸಿ ತೋರಿಸಿದ. 1963ರಲ್ಲಿ ವಿಮಾನ ನಿಲ್ದಾಣ ತೆರೆಯಿತು. ಅದರ ಓಡುದಾರಿ ಕೇವಲ 400 ಮೀಟರ್. ನಿಮ್ಮ ಶಾಲೆಯ ಕ್ರೀಡಾಕೂಟದಲ್ಲಿ ನಾನೂರು ಮೀಟರ್ ಓಟ ಇರುತ್ತದಲ್ಲ, ಅಷ್ಟೇ! ಎರಡು ತುದಿಯಲ್ಲೂ ಬಂಡೆ ಕೆಳಗಿಳಿದು ಸಮುದ್ರ. ದೊಡ್ಡ ವಿಮಾನಗಳ ಆಟ ಇಲ್ಲಿ ನಡೆಯದು. ಪಳಗಿದ ಪೈಲಟ್‌ಗಳು ಪುಟ್ಟ ವಿಮಾನಗಳನ್ನು ಇಳಿಸುತ್ತಾರೆ. 1972ರಲ್ಲಿ ಫೋರ್ಟ್ ಬೇಯಲ್ಲಿ ಹಡಗುಕಟ್ಟೆಯೂ ಆಯಿತು. ಆಮೇಲೆ ಹಳೆಯ ‘ಏಣಿ’ಗೆ ವಿಶ್ರಾಂತಿ ಸಿಕ್ಕಿತು.

ಇಂದು ಸೇಬಾದ ಮನೆಗಳು ಬಿಳಿ ಗೋಡೆ, ಕೆಂಪು ಮಾಡು, ಹಸಿರು ಕಿಟಕಿಗಳಿಂದ ಅಚ್ಚುಕಟ್ಟಾಗಿವೆ. ನದಿಯಿಲ್ಲದ ಊರಿದು. ಮಾಡಿನ ಮೇಲೆ ಬಿದ್ದ ಮಳೆನೀರನ್ನು ತೊಟ್ಟಿಯಲ್ಲಿ ಹಿಡಿದಿಡುವುದು ಹಿಂದಿನಿಂದ ಬಂದ ಪದ್ಧತಿ. ಸುತ್ತಲಿನ ಸಮುದ್ರವನ್ನು 1987ರಿಂದ ರಕ್ಷಿತ ಪ್ರದೇಶ ಮಾಡಿ, ಹವಳದ ದಿಬ್ಬಗಳನ್ನೂ ಮೀನುಗಳನ್ನೂ ಕಾಪಾಡುತ್ತಿದ್ದಾರೆ. ಮುಳುಗು ಹಾಕಿ ನೋಡಲು ಬರುವವರು ಅದಕ್ಕಾಗಿ ಶುಲ್ಕ ಕೊಡುತ್ತಾರೆ. ಒಂದು ವೈದ್ಯಕೀಯ ಕಾಲೇಜು ಕೂಡ ಇದೆ. ಪತ್ರದ ಮೂಲಕ ಪಾಠ ಕಲಿತವನ ಊರಿಗೆ ಈಗ ಹೊರದೇಶದ ವಿದ್ಯಾರ್ಥಿಗಳು ಓದಲು ಬರುತ್ತಾರೆ! ಸಾವಿರಕ್ಕೆ ಇಳಿದಿದ್ದ ಜನಸಂಖ್ಯೆ ಮತ್ತೆ ಎರಡು ಸಾವಿರದ ಹತ್ತಿರ ಬಂದಿದೆ.

ಹಾಗೆಂದು ಎಲ್ಲವೂ ಸರಿಹೋಯಿತು ಎನ್ನಲಾಗದು. ಬಿರುಗಾಳಿಗಳ ಕಾಟ ಇದ್ದೇ ಇದೆ. ಹೆಚ್ಚಿನ ಸಾಮಾನು ಹೊರಗಿನಿಂದಲೇ ಬರಬೇಕು. ದೊಡ್ಡ ಓದಿಗೆ ಅಲ್ಲಿನ ಮಕ್ಕಳು ಇಂದಿಗೂ ದ್ವೀಪ ಬಿಟ್ಟು ಹೋಗುತ್ತಾರೆ. ಆದರೆ ಹೋದವರು ಹಿಂದಿರುಗಲು ಈಗ ದಾರಿಯಿದೆ. ರಸ್ತೆಯಿಂದ ಆದ ದೊಡ್ಡ ಉಪಕಾರ ಇದೇ ಎಂದು ನನಗನ್ನಿಸುತ್ತದೆ. ರಸ್ತೆ ಜನರನ್ನು ಹೊರಗೆ ಕಳಿಸುತ್ತದೆ ಎಂದು ಹೆದರುವವರಿದ್ದಾರೆ. ಸೇಬಾದವರು ರಸ್ತೆಯೇ ಇಲ್ಲದಾಗಲೂ ಹೋಗಿದ್ದರು, ನೆನಪಿಡಿ.

ಅಜ್ಜ-ಅಜ್ಜಿಯರೇ, ಈ ವಾರ ನಿಮಗೂ ಒಂದು ಕೆಲಸ. ನಿಮ್ಮ ಊರಿಗೆ ಮೊದಲ ರಸ್ತೆ ಬಂದದ್ದು ಯಾವಾಗ? ಮೊದಲ ಬಸ್ಸು ಬಂದ ದಿನ ಯಾರು ಯಾರು ನೋಡಲು ಓಡಿದ್ದರು? ಅದಕ್ಕೂ ಮೊದಲು ಹೆರಿಗೆ ನೋವು ಬಂದವರನ್ನು ಹೇಗೆ ಕರೆದೊಯ್ಯುತ್ತಿದ್ದರು? ರಾತ್ರಿ ಊಟವಾದ ಮೇಲೆ ಹೇಳಿ. ಮಕ್ಕಳೇ, ಆ ರಸ್ತೆಗೆ ಕಲ್ಲು ಹೊತ್ತವರ ಹೆಸರು ಅಜ್ಜಿಗೆ ನೆನಪಿದ್ದರೆ ಅದನ್ನು ಮೊದಲು ಬರೆದುಕೊಳ್ಳಿ. ಅವರ ಹೆಸರು ಯಾವ ಅಟ್ಲಾಸಿನಲ್ಲೂ ಸಿಗುವುದಿಲ್ಲ.