ಯುವ ಅಂಗಳ: ಸರ್ಟಿಫಿಕೇಟು ಸಾಕೇ?



ಗಣೇಶೋತ್ಸವದ ಊಟದ ಪಂಕ್ತಿಯಲ್ಲಿ ಪಕ್ಕದಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಹೇಳಿದಳು: "ಅಂಕಲ್, ಸೈಕಾಲಜಿಯಲ್ಲಿ ಎಂ.ಎ. ಮುಗಿಯಿತು. ಆಘಾತಕ್ಕೊಳಗಾದವರ ಚಿಕಿತ್ಸೆಯ ಬಗ್ಗೆ ಎರಡು ದಿನದ ಶಿಬಿರ ಮುಗಿಸಿ ಸರ್ಟಿಫಿಕೇಟೂ ತಂದೆ. ಆದರೆ ಯಾರಾದರೂ ಎದುರಿಗೆ ಕೂತು ಅತ್ತರೆ ಏನು ಮಾಡಬೇಕೋ ತಿಳಿಯದು. ಭಯವಾಗುತ್ತದೆ." ಪಾಯಸದ ಗಡಿಬಿಡಿಯಲ್ಲಿ ಉತ್ತರ ಹೇಳಲಾಗಲಿಲ್ಲ. ಇಲ್ಲಿ ಹೇಳುತ್ತೇನೆ.

ಅಪಘಾತದಿಂದ ಪಾರಾದವರಿಗೆ ನಮ್ಮ ಹಿರಿಯರು "ಆದದ್ದಾಯಿತು, ಮರೆತುಬಿಡು" ಎನ್ನುತ್ತಾರೆ. ಹಲವರು ತಾವಾಗಿಯೇ ಚೇತರಿಸಿಕೊಳ್ಳುವುದೂ ನಿಜ. ಕೆಲವರಿಗೆ ಮಾತ್ರ ತಿಂಗಳುಗಳು ಕಳೆದರೂ ಆ ಗಳಿಗೆ ಕಳೆಯುವುದಿಲ್ಲ. ಬ್ರೇಕಿನ ಸದ್ದು ಕೇಳಿದರೆ ಸಾಕು, ಎಲ್ಲವೂ ಈಗಲೇ ನಡೆಯುತ್ತಿರುವಂತೆ ಅನಿಸುತ್ತದೆ. ನಿದ್ದೆ ಬಾರದು, ಆ ರಸ್ತೆಯತ್ತ ಕಾಲು ಹೋಗದು. ಇದೇ ಪಿ.ಟಿ.ಎಸ್.ಡಿ.

ಉತ್ತರ ಐರ್ಲೆಂಡಿನ ಓಮಾ ಎಂಬ ಸಣ್ಣ ಪಟ್ಟಣದಲ್ಲಿ 1998ರ ಆಗಸ್ಟ್ 15ರಂದು ಕಾರ್ ಬಾಂಬು ಸಿಡಿದು 29 ಜನ ಸತ್ತರು, ಇನ್ನೂರಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅಲ್ಲಿಯ ಸರಕಾರಿ ಆರೋಗ್ಯ ಸೇವೆಯಲ್ಲಿದ್ದ, ಬೇರೆ ಬೇರೆ ಹಿನ್ನೆಲೆಯ ಸಿಬ್ಬಂದಿಗೇ ತರಬೇತಿ ಕೊಡಲಾಯಿತು. ಕಲಿಸಿದ್ದು ಏಲರ್ಸ್ ಮತ್ತು ಕ್ಲಾರ್ಕ್ ರೂಪಿಸಿದ ಕಾಗ್ನಿಟಿವ್ ಥೆರಪಿ. 2002ರಲ್ಲಿ ಪ್ರಕಟವಾದ ವರದಿಯಂತೆ, 91 ಮಂದಿಗೆ ಸರಾಸರಿ ಎಂಟು ಭೇಟಿಗಳ ಚಿಕಿತ್ಸೆ ಸಿಕ್ಕಿ, ಗಣನೀಯ ಸುಧಾರಣೆ ಕಂಡುಬಂತು. ತಾನಾಗಿಯೇ ವಾಸಿಯಾಗಿರಬಹುದಲ್ಲ? ಆ ಸಂಶಯಕ್ಕೂ ಉತ್ತರ ಬಂತು. ಉತ್ತರ ಐರ್ಲೆಂಡಿನಲ್ಲೇ 58 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ, 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಕಾಯುತ್ತಿದ್ದವರಿಗಿಂತ ಚಿಕಿತ್ಸೆ ಪಡೆದವರು ಸ್ಪಷ್ಟವಾಗಿ ಗುಣ ಕಂಡರು.

ಈ ಚಿಕಿತ್ಸೆಯಲ್ಲಿ ಮಾಡುವುದೇನು? "ನಾನು ಕೈ ಬಿಡದಿದ್ದರೆ ತಮ್ಮ ಉಳಿಯುತ್ತಿದ್ದ" ಎಂದು ಕೊರಗುವವನೊಬ್ಬನನ್ನು ಊಹಿಸಿಕೊಳ್ಳಿ. ಚಿಕಿತ್ಸಕರು ಅವನೊಡನೆ ಆ ಗಳಿಗೆಗೇ ಮೆಲ್ಲಗೆ ಮರಳುತ್ತಾರೆ. ಸ್ಫೋಟದ ಬಲಕ್ಕೆ ಯಾವ ಕೈಯೂ ನಿಲ್ಲಲಾರದೆಂಬ, ಈಗ ತಿಳಿದಿರುವ ಸತ್ಯವನ್ನು ಆ ನೆನಪಿನೊಳಕ್ಕೇ ಸೇರಿಸುತ್ತಾರೆ. ಅಂದಿನ ಸದ್ದಿಗೂ ಇಂದಿನ ಸದ್ದಿಗೂ ಇರುವ ವ್ಯತ್ಯಾಸ ಗುರುತಿಸಲು ಕಲಿಸುತ್ತಾರೆ. ಬಿಟ್ಟುಹೋದ ಗೆಳೆತನ, ಆಟ, ಕೆಲಸಗಳನ್ನು ಒಂದೊಂದಾಗಿ ಮರಳಿ ಹಿಡಿಸುತ್ತಾರೆ.

ಪುಸ್ತಕದಲ್ಲಿ ಇದನ್ನು ಓದುವುದು ಸುಲಭ. ಎದುರಿಗಿದ್ದವರು ನಡುಗುವಾಗ ಮಾತು ಬದಲಿಸಿ ಸಮಾಧಾನ ಹೇಳಬೇಕೆನಿಸುತ್ತದೆ. ಅದೂ "ಮರೆತುಬಿಡು" ಎಂಬುದರ ಇನ್ನೊಂದು ರೂಪವೇ! ಆದ್ದರಿಂದಲೇ ತರಬೇತಿಯಲ್ಲಿ ಒಬ್ಬರು ರೋಗಿಯಾಗಿ, ಇನ್ನೊಬ್ಬರು ಚಿಕಿತ್ಸಕರಾಗಿ ಅಭಿನಯಿಸಿ ಅಭ್ಯಾಸ ಮಾಡುತ್ತಾರೆ. ಒಪ್ಪಿಗೆ ಪಡೆದು ಭೇಟಿಗಳನ್ನು ಧ್ವನಿಮುದ್ರಿಸುತ್ತಾರೆ. ಅನುಭವಸ್ಥರು ಅದನ್ನು ಕೇಳಿ, ಎಲ್ಲಿ ಹೆದರಿ ಹಿಂದೆ ಸರಿದಿರಿ ಎಂದು ತೋರಿಸುತ್ತಾರೆ. ಪ್ರತಿ ಭೇಟಿಯಲ್ಲೂ ಪ್ರಶ್ನಾವಳಿಯಿಂದ ರೋಗಿಯ ಸ್ಥಿತಿಯನ್ನು ಅಳೆಯುತ್ತಾರೆ. ಸಂಗೀತ ಕಲಿತವರಿಗೆ ಇದು ಹೊಸತಲ್ಲ. ಗುರುವಿನ ಎದುರು ಹಾಡದೆ ಸ್ವರ ತಿದ್ದಿಕೊಂಡವರು ಯಾರು?

ಆದ್ದರಿಂದ, ಮಗಳೇ, ನಿನ್ನ ಭಯ ಒಳ್ಳೆಯ ಲಕ್ಷಣ. ಅದನ್ನು ಮುಚ್ಚಿಡಬೇಡ, ಒಬ್ಬ ಗುರುವಿನ ಮುಂದೆ ಇಡು. ನಮ್ಮ ದೇಶದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಬೇಕು. ಮುಂದಿನ ಕೋರ್ಸಿಗೆ ಸೇರುವಾಗ "ನನ್ನ ಕೆಲಸವನ್ನು ಕೇಳಿ ತಿದ್ದುವವರು ಯಾರು?" ಎಂದು ಮೊದಲು ವಿಚಾರಿಸು.

ಉಳಿದವರಿಗೊಂದು ಮಾತು. ನಿಮ್ಮ ಮನೆಯಲ್ಲಿ ಇಂಥ ನೋವಿದ್ದರೆ ಬಲವಂತವಾಗಿ ಕೆದಕಬೇಡಿ, ಹೇಳಬಂದರೆ ತಡೆಯಲೂಬೇಡಿ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೂ ಮಾತಾಡಬಹುದು. ಅಜ್ಜಿಗೂ ಹೇಳಿಡಿ.