ಅಳಿಲುಮರಿಯ ಮೊದಲ ತುತ್ತು

ಕಳೆದ ತಿಂಗಳು ಕೃಷ್ಣರಾಜಪೇಟೆ ತಾಲ್ಲೂಕಿನ ಓದುಗ ಸೋದರಿಯೊಬ್ಬರು ನಮಗೆ ದೂರವಾಣಿ ಮಾಡಿ ಒಂದು ಪ್ರಶ್ನೆ ಕೇಳಿದರು. ಅವರ ತೋಟದಲ್ಲಿ ತೆಂಗಿನ ಮರದ ಒಣಗರಿಗಳನ್ನು ಸವರಿಸುತ್ತಿದ್ದಾಗ ಅಳಿಲಿನ ಗೂಡೊಂದು ಕೆಳಗೆ ಬಿದ್ದಿತಂತೆ. ಅದರಲ್ಲಿದ್ದ ಮೂರು ಮರಿಗಳ ಪೈಕಿ ಎರಡು ಅಂದೇ ತೀರಿಕೊಂಡವು. ಉಳಿದ ಒಂದನ್ನು ಐದು ವಾರಗಳಿಂದ ಹಾಲು ಕುಡಿಸಿ ಸಾಕಿದ್ದಾರೆ. "ಈಗ ಕಣ್ಣು ಬಿಟ್ಟಿದೆ, ಮೈತುಂಬ ಕೂದಲು ಬಂದಿದೆ, ಸೆರಗು ಹಿಡಿದು ಹೆಗಲ ಮೇಲೇರುತ್ತದೆ. ಆದರೆ ಹಣ್ಣು ಕೊಟ್ಟರೆ ಮುಖ ತಿರುಗಿಸುತ್ತದೆ, ಅನ್ನ ಇಟ್ಟರೆ ತುಳಿದಾಡುತ್ತದೆ. ಹಾಲಿನ ಸಿರಿಂಜು ಕಂಡರೆ ಮಾತ್ರ ಎರಡು ಕೈಯಲ್ಲೂ ತಬ್ಬಿಕೊಳ್ಳುತ್ತದೆ. ಹಾಲು ನಿಲ್ಲಿಸಿದರೆ ಹಸಿವಿಗೆ ತಾನಾಗಿ ತಿನ್ನುತ್ತದೆ ಎಂದು ನಮ್ಮತ್ತೆಯವರು ಹೇಳುತ್ತಾರೆ. ನಿಲ್ಲಿಸಲೇ ಅಣ್ಣನವರೇ?" ಎಂದು ಅವರು ಕೇಳಿದರು.

"ಖಂಡಿತ ನಿಲ್ಲಿಸಬೇಡಿ ತಾಯಿ" ಎಂದೆವು. ದೂರವಾಣಿಯಲ್ಲಿ ಹೇಳಿ ಮುಗಿಸಲಾಗದ ಉಳಿದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇವೆ. ಮಕ್ಕಳ ಪಾಲನೆ, ಹಿರಿಯರ ಆರೈಕೆ, ಅಡುಗೆಮನೆಯ ವಿಚಾರಗಳಿಗೆ ಮೀಸಲಾದ ಈ ಅಂಕಣದಲ್ಲಿ ಅಳಿಲಿಗೇನು ಕೆಲಸವೆಂದು ಕೆಲವು ಹಿರಿಯ ಓದುಗರು ಹುಬ್ಬೇರಿಸಬಹುದು. ಆದರೆ ನಾಗಮಂಗಲ, ಕೃಷ್ಣರಾಜಪೇಟೆಗಳ ತೆಂಗಿನ ತೋಟಗಳಲ್ಲಾಗಲಿ, ಶ್ರೀರಂಗಪಟ್ಟಣ, ಪಾಂಡವಪುರಗಳ ಹಳೆಯ ಹೆಂಚಿನ ಮನೆಗಳ ಸೂರಿನಲ್ಲಾಗಲಿ ಅಳಿಲು ಗೂಡು ಕಟ್ಟದ ಜಾಗವುಂಟೆ? ಗಾಳಿಗೆ ಗರಿ ಬಿದ್ದಾಗ, ಹಳೆಯ ಮನೆಯ ಹೆಂಚು ಇಳಿಸಿದಾಗ, ಬೆಕ್ಕು ಕಚ್ಚಿ ತಂದಾಗ, ಬೆರಳುದ್ದದ ಮರಿಯೊಂದು ಯಾರದಾದರೂ ಅಂಗೈಗೆ ಬಂದೇ ಬರುತ್ತದೆ. ಅದನ್ನು ಬಿಸಾಡಲು ಮನಸ್ಸು ಬಾರದು, ಬದುಕಿಸುವ ಬಗೆ ತಿಳಿಯದು.

ಈ ವಿಷಯದಲ್ಲಿ ನಾವು ತಪ್ಪು ಮಾಡಿಯೇ ಕಲಿತವರು. ಬಹಳ ವರ್ಷಗಳ ಹಿಂದೆ ಶ್ರೀರಂಗಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದಾಗ ಹಿತ್ತಲಿನಲ್ಲಿ ಸಿಕ್ಕ ಮರಿಯೊಂದಕ್ಕೆ ಶಾಯಿ ಫಿಲ್ಲರಿನಿಂದ ಹಸುವಿನ ಹಾಲು ಹನಿಸಿ ಬೆಳೆಸಿದೆವು. ಅದಕ್ಕೆ ಹಲ್ಲು ಮೂಡಿದ್ದೇ ತಡ, ಬೇಗ ದೊಡ್ಡದಾಗಲೆಂಬ ಆಸೆಯಿಂದ ಹಾಲನ್ನು ಒಮ್ಮೆಗೇ ಬಿಡಿಸಿ ಕಡಲೆಕಾಯಿ ಬೀಜ, ಬಿಸ್ಕತ್ತು ಕೊಡತೊಡಗಿದೆವು. ಅದೂ ಎರಡು ಕೈಯಲ್ಲಿ ಹಿಡಿದು ಚೆನ್ನಾಗಿಯೇ ತಿನ್ನುತ್ತಿತ್ತು. ನೋಡಬಂದವರಿಗೆಲ್ಲ ನಾವು ಹೆಮ್ಮೆಯಿಂದ ತೋರಿಸಿದೆವು. ಕೆಲವು ವಾರಗಳಲ್ಲಿ ಅದರ ಹಿಂಗಾಲುಗಳು ಸೋತು ಎಳೆಯತೊಡಗಿದವು. ಪಶುವೈದ್ಯರ ಬಳಿಗೆ ಒಯ್ಯುವ ಹೊತ್ತಿಗೆ ಕಾಲ ಮೀರಿತ್ತು. ಅವರು ನಮ್ಮನ್ನು ಬೈಯಲಿಲ್ಲ. "ಹೊಟ್ಟೆ ತುಂಬಿಸಿದ್ದೀರಿ, ಮೂಳೆಗೆ ಏನೂ ಕೊಟ್ಟಿಲ್ಲ" ಎಂದಷ್ಟೇ ಹೇಳಿದರು. ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ.

ಅದರ ಮರ್ಮ ಹೀಗೆ. ಕಡಲೆಕಾಯಿ, ಸೂರ್ಯಕಾಂತಿ ಬೀಜ, ಗೋಡಂಬಿ ಇವುಗಳಲ್ಲಿ ರಂಜಕ ಹೆಚ್ಚು, ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಬಹಳ ಕಡಿಮೆ. ಬೆಳೆಯುವ ಮರಿ ಇವುಗಳನ್ನೇ ತಿಂದರೆ ದೇಹವು ತನಗೆ ಬೇಕಾದ ಸುಣ್ಣವನ್ನು ಮೂಳೆಯಿಂದಲೇ ಕಿತ್ತುಕೊಳ್ಳುತ್ತದೆ. ಮೂಳೆ ಮೆತ್ತಗಾಗಿ ಬಾಗುತ್ತದೆ, ಮುರಿಯುತ್ತದೆ. ಹಾಲು ಬಿಡಿಸುವ ಕಾಲದಲ್ಲಿಯೇ ಈ ಅಪಾಯ ಹೆಚ್ಚು, ಏಕೆಂದರೆ ಅಲ್ಲಿಯವರೆಗೆ ಸುಣ್ಣ ಒದಗಿಸುತ್ತಿದ್ದುದು ಹಾಲು.

ನಮ್ಮ ಸೀಮೆಯಲ್ಲಿ ಕಾಣುವುದು ಬೆನ್ನಿನ ಮೇಲೆ ಮೂರು ಬಿಳಿಯ ಗೆರೆಗಳುಳ್ಳ ಅಳಿಲು. ಸೇತುವೆ ಕಟ್ಟುವಾಗ ಮರಳು ಹೊತ್ತ ಅಳಿಲಿನ ಬೆನ್ನನ್ನು ಶ್ರೀರಾಮನು ಸವರಿದ ಗುರುತೆಂದು ಅಜ್ಜಿಯರು ಹೇಳುವ ಗೆರೆಗಳೇ ಅವು. ಬೆಳೆದ ಅಳಿಲಿನ ತೂಕ ಸುಮಾರು 100 ಗ್ರಾಂ. ತಾಯಿ ಒಂದು ಸೂಲಿಗೆ ಎರಡು ಮೂರು ಮರಿ ಹಾಕುತ್ತದೆ. ಮರಿ ಹುಟ್ಟುವಾಗ ಕೂದಲಿಲ್ಲ, ಕಣ್ಣಿಲ್ಲ. ಮೂರು ವಾರ ದಾಟಿದ ಮೇಲೆ ಕಣ್ಣು ತೆರೆಯುತ್ತದೆ, ತಾಯಿಯ ಬಳಿಯಿದ್ದರೆ ಸುಮಾರು ಹತ್ತು ವಾರಗಳ ಹೊತ್ತಿಗೆ ಹಾಲು ಬಿಡುತ್ತದೆ. ಕಣ್ಣು ತೆರೆಯುವುದಕ್ಕೂ ಹಾಲು ಬಿಡುವುದಕ್ಕೂ ನಡುವೆ ಇಷ್ಟು ದೀರ್ಘವಾದ ಕಾಲವಿದೆ ಎಂಬುದನ್ನು ಓದುಗರು ಗಮನಿಸಬೇಕು. ನಾವು ಶ್ರೀರಂಗಪಟ್ಟಣದಲ್ಲಿ ಈ ಕಾಲವನ್ನೇ ನುಂಗಿಬಿಟ್ಟಿದ್ದೆವು.

ಮರಿ ಸಿಕ್ಕ ದಿನದ ಮಾತನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇವೆ. ಮೈಗೆ ಗಾಯವಿಲ್ಲದಿದ್ದರೆ ಮೊದಲು ತಾಯಿಗೇ ಒಪ್ಪಿಸಲು ನೋಡಬೇಕು. ಸಣ್ಣ ಬುಟ್ಟಿಯಲ್ಲಿ ಬಟ್ಟೆ ಹಾಸಿ, ಮರಿಯನ್ನು ಬೆಚ್ಚಗಿಟ್ಟು ಅದೇ ಮರಕ್ಕೆ ಕಟ್ಟಿ ದೂರ ನಿಂತರೆ, ತಾಯಿ ಬಂದು ಬಾಯಲ್ಲಿ ಕಚ್ಚಿಕೊಂಡು ಹೋಗುವುದುಂಟು. ಬಾರದಿದ್ದರೆ ಮೊದಲು ಬಿಸುಪು, ಆಮೇಲೆ ಹಾಲು. ತಣ್ಣಗಾದ ಮರಿಗೆ ಹಾಲು ಹಾಕಬಾರದು. ಅಂಗಾತ ಮಲಗಿಸಿ ಕುಡಿಸಿದರೆ ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ, ಆದ್ದರಿಂದ ಹೊಟ್ಟೆ ಕೆಳಗಾಗಿ ಹಿಡಿದು ಒಂದು ಮಿಲಿಲೀಟರಿನ ಸಿರಿಂಜಿನಿಂದ ನಿಧಾನವಾಗಿ ಕುಡಿಸಬೇಕು. ಹಸುವಿನ ಹಾಲಿಗೆ ಭೇದಿಯಾಗುತ್ತದೆ. ಮೇಕೆಯ ಹಾಲು, ಅಥವಾ ನಾಯಿಮರಿಗಳಿಗೆಂದು ಔಷಧದ ಅಂಗಡಿಯಲ್ಲಿ ಸಿಗುವ ಹಾಲಿನ ಪುಡಿ ಮೇಲು. 20 ಗ್ರಾಂ ತೂಗುವ ಮರಿಗೆ ಒಂದು ಸಲಕ್ಕೆ ಸುಮಾರು ಒಂದು ಮಿಲಿಲೀಟರು ಸಾಕು.

ಇನ್ನು ತುತ್ತಿನ ವಿಷಯ. ನಾಲ್ಕು ವರ್ಷಗಳ ಹಿಂದೆ, ನಾಗಮಂಗಲ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಗೆ ಎರಡನೆಯ ಮರಿ ಬಂದಾಗ ನಮಗೆ ಧೈರ್ಯವಿರಲಿಲ್ಲ. ಆದರೆ ಆಗ ನಮ್ಮಲ್ಲಿದ್ದು ಹತ್ತನೆಯ ತರಗತಿ ಓದುತ್ತಿದ್ದ ಮೊಮ್ಮಗಳು ಬಿಡಲಿಲ್ಲ. ಮರಿ ಆರನೆಯ ವಾರದಲ್ಲಿ ನಮ್ಮ ಉಗುರುಗಳನ್ನು ಮೆಲ್ಲಗೆ ಕಡಿಯತೊಡಗಿತು. ಇದೇ ಸೂಚನೆ ಎಂದು ತಿಳಿದು, ಮಕ್ಕಳಿಗೆ ಮಾಡುವ ರಾಗಿ ಸರಿಯನ್ನು ಉಪ್ಪು ಬೆಲ್ಲಗಳಿಲ್ಲದೆ ತೆಳ್ಳಗೆ ಕಾಯಿಸಿ, ಅದಕ್ಕೆ ಮರಿ ಕುಡಿಯುತ್ತಿದ್ದ ಹಾಲನ್ನೇ ಬೆರೆಸಿದೆವು. ಮರಿಗೆ ರುಚಿಗಿಂತ ವಾಸನೆ ಮುಖ್ಯ. ತನ್ನ ಹಾಲಿನ ವಾಸನೆ ಬಂದುದರಿಂದ ಅದು ಚಮಚದ ತುದಿಯನ್ನು ಎರಡು ಸಲ ನೆಕ್ಕಿತು, ಮೂರನೆಯ ಸಲ ಸೀನಿತು. ಅಂದಿಗೆ ಅಷ್ಟೇ. ಮೂತಿ, ಕಾಲುಗಳಿಗೆ ಮೆತ್ತಿದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿಸಿ, ಎಂದಿನಂತೆ ಹಾಲು ಕುಡಿಸಿದೆವು.

100 ಗ್ರಾಂ ರಾಗಿಯಲ್ಲಿ ಸುಮಾರು 340 ಮಿಲಿಗ್ರಾಂ ಸುಣ್ಣವಿದೆ. ಅಕ್ಕಿ ಗೋಧಿಗಳು ಇದರ ಹತ್ತಿರಕ್ಕೂ ಬಾರವು. (ಮಂಡ್ಯದ ವಿ.ಸಿ. ಫಾರಂನಲ್ಲಿ ಕುಳಿತು ಇಂಡಾಫ್ ತಳಿಗಳನ್ನು ರೂಪಿಸಿದ 'ರಾಗಿ ಲಕ್ಷ್ಮಣಯ್ಯ'ನವರ ಕರ್ಮಭೂಮಿಯವರಾದ ನಮಗೆ ರಾಗಿಯ ಮಹಿಮೆಯನ್ನು ಬೇರೆಯವರು ಹೇಳಬೇಕಾಗಿಲ್ಲ.) ಹಾಗೆಂದು ರಾಗಿಯೊಂದರಿಂದಲೇ ಎಲ್ಲವೂ ಆಯಿತೆಂದು ತಿಳಿಯಬಾರದು. ಹಾಲು ಮುಂದುವರಿಯುತ್ತಲೇ ಇರಬೇಕು. ದಿನವೂ ಬೆಳಗಿನ ಎಳೆಬಿಸಿಲಿಗೆ ಪಂಜರವನ್ನು ಸ್ವಲ್ಪ ಹೊತ್ತು ಇಡಬೇಕು, ಬಿಸಿಲಿಲ್ಲದೆ ಸುಣ್ಣ ಮೈಗೆ ಹತ್ತದು. ನೆರಳಿಗೆ ಸರಿಯಲು ಪಂಜರದ ಒಂದು ಭಾಗಕ್ಕೆ ಬಟ್ಟೆ ಹೊದಿಸಿರಬೇಕು.

ಹಾಲನ್ನು ಕಡಿಮೆ ಮಾಡುವ ಕ್ರಮವೇ ಇಲ್ಲಿ ಮುಖ್ಯವಾದುದು. ಮೊದಲು ಮಧ್ಯಾಹ್ನದ ಹಾಲನ್ನು ತಗ್ಗಿಸಿದೆವು. ಬೆಳಗಿನದನ್ನೂ ರಾತ್ರಿಯದನ್ನೂ ಮುಟ್ಟಲಿಲ್ಲ. ದಿನವೂ ಬೆಳಿಗ್ಗೆ, ಏನನ್ನೂ ಕೊಡುವುದಕ್ಕೆ ಮೊದಲು, ಗ್ರಾಂ ತೋರಿಸುವ ಸಣ್ಣ ತಕ್ಕಡಿಯ ಮೇಲೆ ಬಟ್ಟಲಿಟ್ಟು ಮರಿಯನ್ನು ತೂಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ಮೊಮ್ಮಗಳ ಕೆಲಸ. ಮಧ್ಯಾಹ್ನದ ಹಾಲು ಬಿಡಿಸಿದ ಎರಡೇ ದಿನಕ್ಕೆ 46 ಗ್ರಾಂ ಇದ್ದ ಮರಿ 43ಕ್ಕೆ ಇಳಿಯಿತು. "ತಾತ, ಇದೂ ಹೋಗುತ್ತದೆಯೇ?" ಎಂದು ಅವಳು ಕಣ್ಣೀರು ತಂದುಕೊಂಡಳು. ಶ್ರೀರಂಗಪಟ್ಟಣದ ಮರಿಯ ಕಥೆಯನ್ನು ಅವಳಿಗೆ ನಾವೇ ಹೇಳಿದ್ದೆವು. ಅಂದೇ ಮಧ್ಯಾಹ್ನದ ಹಾಲನ್ನು ಮರಳಿ ಕೊಟ್ಟೆವು. ಹಿಂದಕ್ಕೆ ಹೆಜ್ಜೆಯಿಟ್ಟೆವೆಂದು ನಾಚಿಕೆಪಡಬೇಕಾಗಿಲ್ಲ. ತೂಕ ಏರಿದ ಮೇಲೆ, ಒಂದು ವಾರ ಕಳೆದು ಮತ್ತೆ ಪ್ರಯತ್ನಿಸಿದೆವು, ಆಗ ಇಳಿಯಲಿಲ್ಲ.

ಹಣ್ಣಿನ ವಿಷಯದಲ್ಲಿ ನಮಗೊಂದು ಸೋಜಿಗ ಕಾದಿತ್ತು. ಸೀಬೆ, ಸಪೋಟ, ಪಪ್ಪಾಯಿಗಳನ್ನು ಕಡಲೆಯ ಗಾತ್ರಕ್ಕೆ ಹೆಚ್ಚಿ ಕೈಯಲ್ಲಿ ಹಿಡಿದರೆ ಮರಿ ಹಣ್ಣನ್ನು ಬಿಟ್ಟು ಬೆರಳನ್ನೇ ಚೀಪುತ್ತಿತ್ತು. ಹಾಲು ಕೊಡುವ ಕೈ ಅದಕ್ಕೆ ಹಾಲಿನ ಕೈಯೇ ಆಗಿಹೋಗಿತ್ತು! ಇದು ಹೊಳೆಯಲು ನಮಗೆ ನಾಲ್ಕು ದಿನ ಬೇಕಾಯಿತು. ಆಮೇಲೆ ಕೈಯಲ್ಲಿ ಕೊಡುವುದನ್ನು ಬಿಟ್ಟು, ಬೀದಿಯಂಚಿನ ಗಸಗಸೆ ಮರದಿಂದ ಹಣ್ಣುಸಹಿತ ಕೊಂಬೆಯೊಂದನ್ನು ತಂದು ಪಂಜರದೊಳಗೆ ಕಟ್ಟಿ ನಾವು ಒಳಗೆ ಹೋದೆವು. ಸಂಜೆಗೆ ಕೊಂಬೆಯಲ್ಲಿ ತೊಟ್ಟುಗಳು ಮಾತ್ರ ಉಳಿದಿದ್ದವು. ಅಂದಿನಿಂದ ತೊಂಡೆಕಾಯಿ, ಸೌತೆಕಾಯಿ, ಎಳೆಯ ಮುಸುಕಿನ ಜೋಳ, ದಾಸವಾಳದ ಹೂ ಎಲ್ಲವನ್ನೂ ಕೊಂಬೆಗೆ ಸಿಕ್ಕಿಸಿಯೇ ಇಟ್ಟೆವು. ಎರಡು ದಿನಕ್ಕೆ ಒಂದು ಹೊಸ ಪದಾರ್ಥ. ಹಿಕ್ಕೆ ತೆಳುವಾದರೆ ಯಾವುದರಿಂದೆಂದು ತಿಳಿಯಬೇಕಲ್ಲ. ಅಳಿಲಿನ ಮುಂಹಲ್ಲು ಜೀವಮಾನವಿಡೀ ಬೆಳೆಯುವುದರಿಂದ ಕಡಿಯಲು ಸೀಬೆಯ ಕಡ್ಡಿ, ತೆಂಗಿನ ಚಿಪ್ಪಿನ ಚೂರು ಬೇಕು. ತಗ್ಗಾದ ಮುಚ್ಚಳದಲ್ಲಿ ನೀರು ಬೇಕು. ತಿಂದು ಬಿಟ್ಟ ಚೂರುಗಳನ್ನು ಸಂಜೆಯೊಳಗೆ ತೆಗೆಯದಿದ್ದರೆ ಇರುವೆಗಳು ಮುತ್ತುತ್ತವೆ. ಹಬ್ಬದ ದಿನ ಪ್ರೀತಿಯಿಂದ ಹೋಳಿಗೆಯ ಚೂರು ಕೊಡುವವರು ಪ್ರತಿ ಮನೆಯಲ್ಲಿಯೂ ಒಬ್ಬರಿರುತ್ತಾರೆ. ಸಿಹಿ, ಉಪ್ಪು, ಎಣ್ಣೆ ಯಾವುದೂ ಕೂಡದೆಂದು ಅವರಿಗೆ ವಿನಯದಿಂದಲೇ ಆದರೂ ಕಟ್ಟುನಿಟ್ಟಾಗಿ ಹೇಳಬೇಕು.

ಇನ್ನೊಂದು ಸಂಗತಿಯನ್ನು ಮುಚ್ಚಿಡದೆ ಹೇಳಬೇಕು. ಅಳಿಲು ನಮ್ಮಂತೆಯೇ ಶುದ್ಧ ಸಸ್ಯಾಹಾರಿಯೆಂದು ನಮ್ಮ ಮನೆಯವರು ಬಹಳ ಸಂತೋಷಪಟ್ಟಿದ್ದರು. ಒಂದು ಸಂಜೆ ಮಳೆ ನಿಂತ ಮೇಲೆ ದೀಪಕ್ಕೆ ಮುತ್ತಿದ ರೆಕ್ಕೆಯ ಗೆದ್ದಲುಗಳಲ್ಲಿ ಒಂದನ್ನು ಹಿಡಿದು, ರೆಕ್ಕೆ ಉದುರಿಸಿ, ಪೂಜೆಯ ಕೋಣೆಯ ಹೊಸ್ತಿಲ ಮುಂದೆಯೇ ಕುಳಿತು ಅದು ತಿಂದಿತು. ಮನೆಯವರು ಆ ರಾತ್ರಿ ಅದರೊಡನೆ ಮಾತನಾಡಲಿಲ್ಲ. ಹುಳುಗಳು ಅಳಿಲಿನ ಸಹಜ ಆಹಾರದ ಒಂದು ಭಾಗ. ನಮ್ಮಂಥ ಮನೆಗಳಲ್ಲಿ ಹುಳು ಹಿಡಿದು ಕೊಡಬೇಕಾದ ಪ್ರಮೇಯವೇನೂ ಇಲ್ಲ, ಅದು ತಾನೇ ಹುಡುಕಿಕೊಂಡಾಗ ತಡೆಯದಿದ್ದರೆ ಸಾಕು. ನಮ್ಮ ಆಚಾರ ನಮಗೆ, ಅದರ ಹುಟ್ಟುಗುಣ ಅದಕ್ಕೆ.

ಒಂಬತ್ತನೆಯ ವಾರಕ್ಕೆ ರಾತ್ರಿಯ ಹಾಲೊಂದೇ ಉಳಿದಿತ್ತು. ಅದನ್ನು ಬಿಡಿಸುವ ಮಾತೆತ್ತಿದಾಗಲೆಲ್ಲ ನಮ್ಮ ಮನೆಯವರು "ಇನ್ನೊಂದು ವಾರವಿರಲಿ" ಎನ್ನುತ್ತಿದ್ದರು. ಮೊಮ್ಮಗಳೂ ಅವರ ಕಡೆಗೇ. ಅವಳ ಹಿಂದಿ ಪಠ್ಯದಲ್ಲಿ ಮಹಾದೇವಿ ವರ್ಮಾ ಅವರ 'ಗಿಲ್ಲೂ' ಎಂಬ ಪಾಠವಿತ್ತು. ಕಾಗೆಗಳು ಕುಕ್ಕಿದ ಅಳಿಲುಮರಿಯನ್ನು ಆ ಲೇಖಕಿ ಬದುಕಿಸಿ ತಮ್ಮ ಕೋಣೆಯಲ್ಲಿಯೇ ಇಟ್ಟುಕೊಂಡ ಕಥೆ. ಅದು ಊಟದ ತಟ್ಟೆಯ ಬಳಿ ಕುಳಿತು ಒಂದೊಂದೇ ಅಗುಳು ತಿನ್ನುತ್ತಿತ್ತು, ಗೋಡಂಬಿಯೆಂದರೆ ಅದಕ್ಕೆ ಪ್ರಾಣ. "ಅವರು ಇಟ್ಟುಕೊಳ್ಳಲಿಲ್ಲವೇ ತಾತ?" ಎಂದಳು. ಪುಟ ತಿರುಗಿಸಿ ಮುಂದಿನ ಭಾಗವನ್ನು ಅವಳಿಂದಲೇ ಓದಿಸಿದೆವು. ವಸಂತ ಬಂದಾಗ ಹೊರಗಿನ ಅಳಿಲುಗಳು ಕಿಟಕಿಯ ಜಾಲರಿಯ ಬಳಿ ಬಂದು ಕೂಗುತ್ತವೆ, ಗಿಲ್ಲೂ ಒಳಗೆ ಕುಳಿತು ನೋಡುತ್ತದೆ. ಲೇಖಕಿ ಮೊಳೆ ಕಿತ್ತು ಜಾಲರಿಯ ಒಂದು ಮೂಲೆಯನ್ನು ತೆರೆದುಬಿಡುತ್ತಾರೆ. ಅವಳು ಓದಿ ಸುಮ್ಮನಾದಳು.

ಕಾಡುಜೀವಿಯನ್ನು ಮನೆಯಲ್ಲಿ ಕಟ್ಟಿಹಾಕಿಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶಯಕ್ಕೂ ಸಲ್ಲದು. ಮರಿ ಸಿಕ್ಕಿದಾಗಲೇ ಹತ್ತಿರದ ಅರಣ್ಯ ಇಲಾಖೆಯ ಕಚೇರಿಗೆ ತಿಳಿಸುವುದು ಒಳ್ಳೆಯದು. ಗಾಯಗೊಂಡ ಮರಿಯನ್ನಂತೂ ಮನೆಯಲ್ಲಿಟ್ಟು ಪ್ರಯೋಗ ಮಾಡಬಾರದು. ಬೆಂಗಳೂರಿನ ಕೆಂಗೇರಿಯ ಬಳಿ ಪೀಪಲ್ ಫಾರ್ ಅನಿಮಲ್ಸ್ ಸಂಸ್ಥೆಯ ವನ್ಯಜೀವಿ ಆಸ್ಪತ್ರೆಯಿದೆ, ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಸಮೀಪವಾದ ಮೈಸೂರಿನಲ್ಲಿಯೂ ಅದೇ ಹೆಸರಿನ ಸಂಸ್ಥೆಯಿದೆ.

ಕೊನೆಗೆ ರಾತ್ರಿಯ ಹಾಲನ್ನು ಬಿಡಿಸಿದವರು ನಾವಲ್ಲ. ಹತ್ತನೆಯ ವಾರದಲ್ಲಿ ಒಂದು ರಾತ್ರಿ ಮನೆಯವರು ಸಿರಿಂಜು ಹಿಡಿದಾಗ ಮರಿ ಅದನ್ನು ಎರಡು ಕೈಗಳಿಂದಲೂ ದೂರ ತಳ್ಳಿ, ಕೊಂಬೆಗೆ ಹತ್ತಿ, ಬಾಲ ಹೊದ್ದು ಮಲಗಿತು. ಮಾರನೆಯ ರಾತ್ರಿಯೂ ಹಾಗೆಯೇ. ತೂಕ 70 ಗ್ರಾಂ ದಾಟಿತ್ತು. ಪಂಜರವನ್ನು ಹಿತ್ತಲಿನ ಸೀಬೆ ಮರಕ್ಕೆ ಕಟ್ಟಿ, ಬೆಕ್ಕು ಹತ್ತದಂತೆ ಕಾಂಡಕ್ಕೆ ತಗಡು ಸುತ್ತಿದೆವು. ಒಂದು ವಾರ ಹಾಗೆಯೇ ಇಟ್ಟು, ಆಮೇಲೆ ಬಾಗಿಲು ತೆರೆದಿಟ್ಟೆವು. ಮೊದಲ ದಿನ ಅದು ಹೊರಗೆ ಬರಲೇ ಇಲ್ಲ. ಎರಡನೆಯ ದಿನ ಬಂದು ಒಳಗೆ ಹೋಯಿತು. ಹದಿನೈದು ದಿನ ರಾತ್ರಿ ಮಲಗಲು ಬರುತ್ತಿತ್ತು, ಆಮೇಲೆ ಬರಲಿಲ್ಲ. ಈಗಲೂ ಹಿತ್ತಲಿನಲ್ಲಿ ಅಳಿಲು ಕೂಗಿದರೆ ಮನೆಯವರು ಸಾರಿನ ಸೌಟು ಹಿಡಿದೇ ಬಾಗಿಲಿಗೆ ಬರುತ್ತಾರೆ. ಯಾವುದು ನಮ್ಮದೆಂದು ಗುರುತು ಹತ್ತುವುದಿಲ್ಲ.

ಕೃಷ್ಣರಾಜಪೇಟೆಯ ಸೋದರಿ ಮೊನ್ನೆ ಮತ್ತೆ ಕರೆ ಮಾಡಿದ್ದರು. ಅವರ ಮರಿ ರಾಗಿ ಸರಿಯನ್ನು ಮುಚ್ಚಳದಿಂದ ನೆಕ್ಕುತ್ತಿದೆ, ಅತ್ತೆಯವರೇ ಈಗ ದಿನವೂ ತೂಕ ನೋಡುತ್ತಾರಂತೆ. ಈ ವಾರ ಮಧ್ಯಾಹ್ನದ ಹಾಲನ್ನು ಸ್ವಲ್ಪ ತಗ್ಗಿಸಿ ನೋಡುವರು. ರಾತ್ರಿಯದನ್ನು ಇನ್ನೂ ಮುಟ್ಟಬೇಡಿ ಎಂದು ಹೇಳಿದ್ದೇವೆ.